ಖಡಿ ದಾರಿಗೆ ಮೆತ್ತನೆಯ ಗಾಳಿ

ಬೆಳಗಿನ ಐದೂವರೆಗೆ ಬೋರಗಾಂವದಲ್ಲಿ ಎದ್ದಿರುವವರು ಎರಡೇ ಬಗೆಯ ಜನ. ಪಾಳಿ ಮುಗಿಸಿ ಪವರ್‌ಲೂಮ್ ಶೆಡ್ಡಿನಿಂದ ಹೊರಬೀಳುವವರು ಒಬ್ಬರು, ಡೇರಿಗೆ ಹಾಲು ಹಾಕಲು ಹೊರಟವರು ಇನ್ನೊಬ್ಬರು. ಇಬ್ಬರಿಗೂ ಮನೀಷಾ ಖೋತ ಬೇಕು. ಶೆಡ್ಡಿನವರ ಸೈಕಲ್ಲಿನ ಚೈನ್ ಕಳಚಿರುತ್ತದೆ, ಹಾಲಿನವರ ಹಿಂದಿನ ಗಾಲಿ ಎರಡು ಕ್ಯಾನಿನ ಭಾರಕ್ಕೆ ಕೂತುಬಿಟ್ಟಿರುತ್ತದೆ. ಆದರೆ ಈ ಶುಕ್ರವಾರ ಯಾರೂ ಅಂಗಡಿಯೊಳಗೆ ಕಾಲಿಡುವಂತಿಲ್ಲ. ಪಂಪನ್ನು ಹೊರಗಿನ ಕಟ್ಟೆಯ ಮೇಲೆ ಇಟ್ಟು, "ಹವಾ ನೀವ ಹೊಡ್ಕೊಳ್ರಿ, ಇವತ್ತ ನನ್ನ ಮಾತಾಡಸಬ್ಯಾಡ್ರಿ" ಎಂದು ಮನೀಷಾ ಹೇಳಿಬಿಟ್ಟಿದ್ದಾರೆ.

ಒಳಗೆ ಸ್ಟ್ಯಾಂಡಿನಲ್ಲಿ ತೂಗುತ್ತಿರುವುದು ಹಸಿರು ಬಣ್ಣದ ಒಂದು ಸೈಕಲ್. ಕೆಳಕ್ಕೆ ಬಾಗಿದ ಹ್ಯಾಂಡಲ್, ರೇಸಿನ ಸೈಕಲ್ಲಿಗಿಂತ ದಪ್ಪನೆಯ ಟೈರು. ಪೇಟೆಯವರು ಇದನ್ನು ಗ್ರಾವೆಲ್ ಬೈಕ್ ಎನ್ನುತ್ತಾರೆ. ಡಾಂಬರು ಮುಗಿದು ಜಲ್ಲಿ, ಮಣ್ಣು, ಗಾಡಿದಾರಿ ಶುರುವಾದಲ್ಲಿ ಓಡಲೆಂದೇ ಮಾಡಿದ್ದು. ಈ ಕಡೆ ಜಲ್ಲಿಗೆ ಖಡಿ ಎಂಬ ಮಾತಿದೆ. ಹಾಗಾಗಿ ಮನೀಷಾ ಇದಕ್ಕೆ ಖಡಿ ಸೈಕಲ್ ಎಂದು ಹೆಸರಿಟ್ಟು, ಅಂಗಡಿಯ ಬೋರ್ಡಿನಲ್ಲೂ ಬರೆಸಿಬಿಟ್ಟರು. ಬೋರ್ಡು ಏರಿದ ವಾರವೇ ಒಬ್ಬ ಮನುಷ್ಯ ಕಲ್ಲು ಒಡೆಯುವ ಖಡಿ ಮಷೀನಿನ ಬೆಲ್ಟು ಹೊತ್ತು ತಂದು, ಇದನ್ನೂ ನೋಡಿಕೊಡಿ ಎಂದು ಕೂತಿದ್ದನಂತೆ. ಅದನ್ನೂ ಹೊಲಿದು ಕಳಿಸಿದ್ದಾರೆ.

ಮನೀಷಾ ಕಣ್ಣು ಮುಚ್ಚಿಕೊಂಡು ಮುಂದಿನ ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟುತ್ತಿದ್ದಾರೆ. ಒಟ್ಟು ಇಪ್ಪತ್ತೆಂಟು ಕಡ್ಡಿ. ಹತ್ತೊಂಬತ್ತನೆಯದರ ದನಿ ಕೊಂಚ ಮಂದ. ಕೀಲಿ ಕಾಲು ಸುತ್ತು ತಿರುಗುತ್ತದೆ, ಬೆರಳು ಮತ್ತೆ ಮೀಟುತ್ತದೆ. ಈಗ ಸರಿ. ಹೊರಗೆ ಹಾಲಿನವನೊಬ್ಬ ಪಂಪು ಹೊಡೆಯುವ ಸದ್ದಿಗೆ ಮುಖ ಸಿಂಡರಿಸಿ, ಮತ್ತೆ ಮೊದಲನೇ ಕಡ್ಡಿಯಿಂದ ಶುರುಮಾಡುತ್ತಾರೆ.

ಈ ಸೈಕಲ್ ಶೇಡಬಾಳದ ಸ್ನೇಹಲಳದು. ಬರುವ ಭಾನುವಾರ ಅಥಣಿಯಿಂದ ತೆಲಸಂಗಕ್ಕೆ ಹೊಲದ ದಾರಿಗಳನ್ನು ಸುತ್ತಿ ಅರವತ್ತೆಂಟು ಕಿಲೋಮೀಟರಿನ ರೇಸ್ ಇದೆ. ಮೊದಲ ಐದು ಹುಡುಗಿಯರಿಗೆ ಒಂದು ವರ್ಷ ತರಬೇತಿ ಶಿಬಿರದಲ್ಲಿ ಜಾಗ, ಊಟ, ಕೋಚು ಎಲ್ಲ ಸಿಗುತ್ತದೆ. ಇಪ್ಪತ್ಮೂರು ತುಂಬಿದವರಿಗೆ ಮಾತ್ರ ಅಲ್ಲಿ ಬಾಗಿಲಿಲ್ಲ. ಸ್ನೇಹಲಳಿಗೆ ದೀಪಾವಳಿಯ ಹೊತ್ತಿಗೆ ಇಪ್ಪತ್ಮೂರು ತುಂಬುತ್ತದೆ, ಆದ್ದರಿಂದ ಇದೇ ಕೊನೆಯ ಅವಕಾಶ. ಹೋದ ವರ್ಷದ ಅವಕಾಶ ಅವಳ ಕೈತಪ್ಪಿದ್ದು ಮನೀಷಾ ಅವರಿಂದ. ಊರವರು ಆಡಿಕೊಳ್ಳುವ ಮಾತಲ್ಲ ಇದು. ಮನೀಷಾ ಅವರೇ ಹೇಳುತ್ತಾರೆ, ಕೇಳಿದವರಿಗೂ, ಕೇಳದವರಿಗೂ.

ಮನೀಷಾ ಅವರಿಗೆ ಈಗ ನಲವತ್ತೊಂದು. ತವರು ರಾಯಬಾಗದ ಕಡೆ. ಮದುವೆಯಾಗಿ ಬಂದಮೇಲೆ ಹದಿನಾಲ್ಕು ವರ್ಷ ಪವರ್‌ಲೂಮ್ ಶೆಡ್ಡಿನಲ್ಲಿ ಕಂಡಿಕೆ ಸುತ್ತಿದರು. ಲಾಳಿಯೊಳಗೆ ಕೂರುವ ಆ ಸಣ್ಣ ಕೊಳವೆಗೆ ನೂಲು ಸುತ್ತುವ ಕೆಲಸ ಹೊರಗಿನಿಂದ ನೋಡಿದವರಿಗೆ ಸುಲಭ ಕಾಣುತ್ತದೆ. "ಸೂತು ಭಾಳ ಬಿಗದ್ರ ಹರೀತೈತಿ, ಸಡಲ ಬಿಟ್ರ ಸುತ್ತು ಜಾರತೈತಿ. ಎಷ್ಟು ಬಿಗಿ ಅನ್ನೂದು ಬಾಯಾಗ ಹೇಳಾಕ ಬರೂದಿಲ್ರಿ, ಬೆರಳಿಗೆ ಗೊತ್ತಿರತೈತಿ" ಎನ್ನುತ್ತಾರೆ. ಗಾಲಿಯ ಕಡ್ಡಿ ಬಿಗಿಯುವುದನ್ನು ಅವರಿಗೆ ಯಾರೂ ಕಲಿಸಲಿಲ್ಲ, ಕಲಿಸುವ ಅಗತ್ಯವೂ ಬೀಳಲಿಲ್ಲ.

ಹೊಲದ ಮನೆಯಿಂದ ಶೆಡ್ಡಿಗೆ ಮೂರೂವರೆ ಕಿಲೋಮೀಟರು, ದಿನಾ ಸೈಕಲ್ ಮೇಲೆ. ಪಾಳಿ ಏಳಕ್ಕೆ ಶುರು, ಸೈಕಲ್ ಅಂಗಡಿಯ ಬಾಳಾಸಾಬ ಬಾಗಿಲು ತೆಗೆಯುವುದು ಒಂಬತ್ತಕ್ಕೆ. ನಡುದಾರಿಯಲ್ಲಿ ಪಂಕ್ಚರ್ ಆದ ದಿನ ಅರ್ಧ ಕೂಲಿ ಖೋತಾ. ನಾಲ್ಕು ಸಲ ಹಾಗಾದಮೇಲೆ ಮನೀಷಾ ಒಂದು ಸಲ್ಯೂಷನ್ ಡಬ್ಬಿ, ಒಂದು ಪಂಪು ತಂದಿಟ್ಟುಕೊಂಡರು. ಆಮೇಲೆ ಜೊತೆಯ ಹೆಣ್ಣುಮಕ್ಕಳ ಸೈಕಲ್ಲುಗಳು ಊಟದ ಬಿಡುವಿನಲ್ಲಿ ಅವರ ಮುಂದೆ ಸಾಲುಗಟ್ಟತೊಡಗಿದವು. ಬಾಳಾಸಾಬರಿಗೆ ಕಣ್ಣು ಮಂದವಾದಾಗ ಸ್ಟ್ಯಾಂಡು, ಪಾನಾಗಳು, ನೀರಿನ ತೊಟ್ಟಿ ಎಲ್ಲವನ್ನೂ ಮನೀಷಾ ಅವರಿಗೇ ಒಪ್ಪಿಸಿ ಮನೆ ಸೇರಿದರು. ಅದಾಗಿ ಒಂಬತ್ತು ವರ್ಷ. ಮೊದಲ ವರ್ಷ ಬಂದವರೆಲ್ಲ ಬಾಗಿಲಲ್ಲೇ ನಿಂತು, ಮಾಲೀಕರು ಇಲ್ಲವೇ ಎಂದು ಒಳಗೆ ಇಣುಕುತ್ತಿದ್ದರು. "ಅದೀನಲ್ರಿ, ಗಾಡಿ ಒಳಗ ತರ್ರಿ" ಎಂದು ಹೇಳಿ ಹೇಳಿ ಅವರಿಗೇ ಬೇಸರವಾಗಿತ್ತು. ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಗಂಡ ಮಲ್ಲೇಶ ಊಟದ ಡಬ್ಬಿ ಕೊಡಲು ಬಂದರೆ ಸಾಕು, ಗಿರಾಕಿಗಳು ಸಮಾಧಾನದಿಂದ ಅವರ ಕಡೆ ತಿರುಗುತ್ತಿದ್ದರು. ಮಲ್ಲೇಶರಿಗೆ ಚೈನ್ ಹಾಕಲೂ ಬರುವುದಿಲ್ಲ.

ಈಗ ದಿನಕ್ಕೆ ಹತ್ತು ಹನ್ನೆರಡು ಪಂಕ್ಚರು. ಹವಾ ಹೊಡೆಸಿಕೊಳ್ಳುವವರು ಐವತ್ತಕ್ಕೂ ಮೇಲೆ. ತಿಂಗಳಿಗೆ ಎಂಟು ಹತ್ತು ಖಡಿ ಸೈಕಲ್ಲುಗಳು. ಬೆಳಗಿನಿಂದ ಸಂಜೆಯವರೆಗೆ ಕುಕ್ಕರಗಾಲಲ್ಲಿ ಕೂತು ಬಲಮಂಡಿ ಹಿಡಿದುಕೊಂಡಿದೆ, ಗ್ರೀಸು ಕೂತ ಉಗುರು ಹಬ್ಬಕ್ಕೂ ಬೆಳ್ಳಗಾಗುವುದಿಲ್ಲ. ಖಡಿ ಸೈಕಲ್ಲು ಬಂದದ್ದು ನಾಲ್ಕು ವರ್ಷದ ಹಿಂದೆ. ನಿಪ್ಪಾಣಿಯ ಹಲ್ಲಿನ ಡಾಕ್ಟರೊಬ್ಬರು ಕಡ್ಡಿ ಮುರಿದ ಸೈಕಲ್ಲನ್ನು ತಳ್ಳಿಕೊಂಡು ಬಿಸಿಲಲ್ಲಿ ಬಂದಿದ್ದರು. ಮನೀಷಾ ಅರ್ಧ ಗಂಟೆಯಲ್ಲಿ ಕಡ್ಡಿ ಕಟ್ಟಿಕೊಟ್ಟರು. ಗಾಲಿ ತಿರುಗಿಸಿ ನೋಡಿದ ಡಾಕ್ಟರು ಮತ್ತೊಮ್ಮೆ ತಿರುಗಿಸಿದರು, ಒಂದು ಕೂದಲೆಳೆಯ ಓಲಾಟವೂ ಇಲ್ಲ. ಅವರ ಮಾತು ಕೇಳಿ ಚಿಕ್ಕೋಡಿ, ರಾಯಬಾಗ, ಕಾಗವಾಡದ ಭಾನುವಾರದ ಸವಾರರೆಲ್ಲ ಬರತೊಡಗಿದರು.

ಬಂದವರ ಕೈಯಲ್ಲಿ ಫೋನು, ಫೋನಿನಲ್ಲಿ ಹೊಳೆಯುವ ಯಾವುದೋ ಬಿಡಿಭಾಗದ ಚಿತ್ರ. ಇದನ್ನು ಹಾಕಿದರೆ ವೇಗ ಹೆಚ್ಚುತ್ತದಂತೆ ಎಂದು ಶುರುಮಾಡುತ್ತಾರೆ. "ಮೊದಲ ಗಾಡಿ ತೊಳ್ಕೊಂಡ ಬರ್ರಿ" ಎನ್ನುವುದು ಮನೀಷಾ ಅವರ ಮೊದಲ ಉತ್ತರ. ಬೋರಗಾಂವದ ಲೂಮ್ ಮಾಲೀಕ ಜಿನೇಂದ್ರ ಮಣಿಕಟ್ಟಿನ ನೋವಿಗೆಂದು ಮೂವತ್ತು ಸಾವಿರದ ಕಾರ್ಬನ್ ಹ್ಯಾಂಡಲ್ ತರಿಸಲು ಹೊರಟಿದ್ದರು. ಮನೀಷಾ ಜಿನೇಂದ್ರರನ್ನು ಸೈಕಲ್ ಮೇಲೆ ಕೂರಿಸಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸೀಟನ್ನು ಅರ್ಧ ಇಂಚು ಹಿಂದೆ ಸರಿಸಿ, ಅದರ ಮೂತಿಯನ್ನು ಸ್ವಲ್ಪ ಮೇಲೆತ್ತಿ ಕಳಿಸಿದರು. ನೋವು ಹೋಯಿತು. ಹ್ಯಾಂಡಲ್ ಬರಲೇ ಇಲ್ಲ. ಜಿನೇಂದ್ರರಿಗೆ ಅದರ ಬಗ್ಗೆ ಇವತ್ತಿಗೂ ಸಣ್ಣದೊಂದು ಕೊರಗು ಉಳಿದಿದೆ.

ಇಷ್ಟೆಲ್ಲ ಬುದ್ಧಿ ಹೇಳುವ ಮನೀಷಾ ಎಡವಿದ್ದು ಎಲ್ಲಕ್ಕಿಂತ ಅಗ್ಗದ ವಸ್ತುವಿನಲ್ಲಿ, ಗಾಳಿಯಲ್ಲಿ. ಅದಕ್ಕೆ ಈ ಊರುಗಳ ಒಂದು ಮಾತು ಕಾರಣ: ಟಣಕ. ಗಡಿಯ ಈಚೆಗೂ ಆಚೆಗೂ ಸಲ್ಲುವ ಮಾತು. ಕಲ್ಲಿನಂತೆ ಗಟ್ಟಿ ಎಂದು ಅರ್ಥ. ಇಲ್ಲಿನ ಸೈಕಲ್ಲು ಬರೀ ಮನುಷ್ಯನನ್ನು ಹೊರುವುದಿಲ್ಲ, ಹಾಲಿನ ಕ್ಯಾನು, ಕಬ್ಬಿನ ಸೋಗೆಯ ಹೊರೆ, ನೂಲಿನ ಚೀಲ ಎಲ್ಲವನ್ನೂ ಹೊರುತ್ತದೆ. ಹವಾ ಹೊಡೆಸಿಕೊಂಡವರು ಹೆಬ್ಬೆರಳಿನಿಂದ ಟೈರು ಒತ್ತಿ ನೋಡುತ್ತಾರೆ. ಬೆರಳು ಒಳಗೆ ಹೋಯಿತೋ, ಅಂಗಡಿಯವನ ಮಾನ ಹೋಯಿತು. ಟಣಕ ಮಾಡಿ ಕೊಡುವುದೇ ಒಳ್ಳೆಯ ಕೆಲಸಗಾರನ ಗುರುತು. ಬಾಳಾಸಾಬರು ಕಲಿಸಿದ್ದು ಅದನ್ನೇ, ಮನೀಷಾ ಕಲಿತದ್ದೂ ಅದನ್ನೇ.

ಹೋದ ವರ್ಷ ಆಗಸ್ಟಿನ ಕೊನೆಯ ವಾರ. ರೇಸಿಗೆ ಮೊದಲ ದಿನ ಸ್ನೇಹಲ ಶೇಡಬಾಳದಿಂದ ನಲವತ್ತು ಕಿಲೋಮೀಟರು ತುಳಿದು ಬಂದು ಸೈಕಲ್ಲನ್ನು ಒಪ್ಪಿಸಿದ್ದಳು. ಮನೀಷಾ ಎಲ್ಲ ಬಿಗಿದು, ಎಣ್ಣೆ ಬಿಟ್ಟು, ಕೊನೆಗೆ ಅಕ್ಕರೆಯಿಂದ ಇನ್ನೂ ನಾಲ್ಕು ಪಂಪು ಹೆಚ್ಚೇ ಹೊಡೆದರು. ಹುಡುಗಿ ರೇಸಿಗೆ ಹೊರಟಿದ್ದಾಳೆ, ಹವಾ ಕಡಿಮೆಯಾಗಬಾರದು. ಹೆಬ್ಬೆರಳು ಒತ್ತಿದರು. ಟಣಕ.

ಮರುದಿನ ತೆಲಸಂಗಕ್ಕೆ ಆರು ಕಿಲೋಮೀಟರು ಇರುವ ಹಳ್ಳದ ಇಳಿಜಾರಿನಲ್ಲಿ ಸ್ನೇಹಲ ಐದನೆಯವಳಾಗಿ ಇಳಿಯುತ್ತಿದ್ದಳು. ಮುಷ್ಟಿಗಾತ್ರದ ಖಡಿ. ಮೆತ್ತಗಿರುವ ಟೈರು ಇಂಥ ಕಲ್ಲನ್ನು ತನ್ನೊಳಗೆ ತೆಗೆದುಕೊಂಡು ದಾಟುತ್ತದೆ. ಕಲ್ಲಿನಂಥ ಟೈರು ಕಲ್ಲಿನ ಮೇಲಿಂದ ಪುಟಿಯುತ್ತದೆ. ಮುಂದಿನ ಗಾಲಿ ಒಮ್ಮೆ ಪುಟಿಯಿತು, ಎರಡನೇ ಸಲ ನೆಲಕ್ಕೆ ಬರುವಾಗ ಅಡ್ಡವಾಗಿತ್ತು. ಸ್ನೇಹಲಳ ಹೆಗಲ ಮೇಲಿನ ಕೊರಳೆಲುಬು ಮುರಿಯಿತು. ಬಿದ್ದದ್ದಕ್ಕೆ ಎಲ್ಲರೂ ರಸ್ತೆಯನ್ನು ಬೈದರು, ದೈವವನ್ನು ಬೈದರು. ಕೆಲವರು ಹುಡುಗಿಯ ಆತುರ ಎಂದರು.

ಸೈಕಲ್ಲು ರಿಪೇರಿಗೆ ಬೋರಗಾಂವಕ್ಕೆ ವಾಪಸು ಬಂತು. ಹ್ಯಾಂಡಲ್ ಸೊಟ್ಟ, ಬ್ರೇಕಿನ ಹಿಡಿ ಚೂರು. ಮುಂದಿನ ಟೈರಿಗೆ ಮಾತ್ರ ಏನೂ ಆಗಿರಲಿಲ್ಲ, ಹವಾ ಹಾಗೇ ಇತ್ತು. ಅದೇಕೋ ಮನೀಷಾ ಹಲ್ಲಿನ ಡಾಕ್ಟರ ಹತ್ತಿರ ಗಾಳಿ ಅಳೆಯುವ ಗೇಜು ಇಸಕೊಂಡು ಬಂದು ಹಚ್ಚಿ ನೋಡಿದರು. ಮುಳ್ಳು ಎಪ್ಪತ್ತಕ್ಕೆ ಹೋಗಿ ನಿಂತಿತು. ಐವತ್ತು ಕಿಲೋ ತೂಕದ ಹುಡುಗಿಗೆ, ಖಡಿ ದಾರಿಗೆ ಎಷ್ಟು ಹವಾ ಬೇಕೆಂದು ಫೋನಿನಲ್ಲಿ ಕೇಳಿದಾಗ, ಮೂವತ್ತೇ ಸಾಕು ಎಂದರು ಡಾಕ್ಟರು. ಅವರು ಸಹಜವಾಗಿ ಹೇಳಿದ್ದರು. ಮನೀಷಾ ಆ ದಿನ ಅಂಗಡಿ ಮುಚ್ಚಿದರು.

ಈ ವಿಷಯ ಅವರೊಬ್ಬರಿಗೇ ಗೊತ್ತಿತ್ತು. ಒಂದು ಸಲ ಉಸ್ ಎಂದು ಗಾಳಿ ಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಬಿಡೂಣು ಅಂತ ಒಂದ್ಸಲ ಮನಸಿಗೆ ಬಂತ್ರಿ. ಸುಳ್ಳ ಯಾಕ ಹೇಳಲಿ" ಎನ್ನುತ್ತಾರೆ.

ಮೂರು ವಾರ ಅವರಿಗೆ ಧೈರ್ಯ ಬರಲಿಲ್ಲ. ಜೈನರ ಮನೆಗಳಲ್ಲಿ ಹತ್ತು ದಿನದ ಪರ್ವ ಮುಗಿದು ಕ್ಷಮಾವಣಿ ಬಂತು. ಅಂದು ಚಿಕ್ಕವರು ದೊಡ್ಡವರೆನ್ನದೆ ಮನೆಮನೆಗೆ ಹೋಗಿ ಕೈಮುಗಿದು, ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ಬೋರಗಾಂವದಲ್ಲಿ ಅಷ್ಟು ವರ್ಷದಿಂದ ಇದ್ದ ಮನೀಷಾ ಅವರಿಗೆ ಈ ವಾಡಿಕೆ ಗೊತ್ತಿತ್ತು. ಅಂಥ ದಿನ ಬಾಯಿ ತೆರೆಯುವುದು ಸುಲಭ ಎಂದು ಲೆಕ್ಕ ಹಾಕಿಯೇ ಶೇಡಬಾಳದ ಬಸ್ಸು ಹತ್ತಿದರು.

ಸ್ನೇಹಲಳ ತಂದೆ ರಾವಸಾಹೇಬರದು ದ್ರಾಕ್ಷಿ ತೋಟದ ದೊಡ್ಡ ಮನೆ. ಪಡಸಾಲೆ ತುಂಬ ಜನ. ಸ್ನೇಹಲಳ ಅಜ್ಜಿ ಕಮಲಾಬಾಯಿ ಕುರ್ಚಿಯಲ್ಲಿ ಕೂತು ಬಂದವರಿಗೆಲ್ಲ ಕೈಮುಗಿಯುತ್ತಿದ್ದರು. ಸ್ನೇಹಲ ಕೈಗೆ ಜೋಳಿಗೆ ಕಟ್ಟಿಕೊಂಡು ಮೂಲೆಯಲ್ಲಿದ್ದಳು. ಮನೀಷಾ ಕೈಮುಗಿದು, "ತಪ್ಪಾಗಿದ್ರ ಕ್ಷಮಾ ಮಾಡ್ರಿ" ಎಂದರು. "ಹಂಗ ಆಗ್ಲಿ ಬಾಯಿ, ನಮ್ಮಿಂದೂ ಏನರ ಆಗಿದ್ರ ಕ್ಷಮಾ ಮಾಡು. ಕುಂಡ್ರು, ಚಾ ಕುಡಿ" ಎಂದರು ಅಜ್ಜಿ. ಅಷ್ಟೇ. ಆಗಿಹೋಯಿತು. ಚಹಾ ಕುಡಿದು ನಾಲ್ಕೂವರೆಯ ಬಸ್ಸು ಹಿಡಿಯಬಹುದಿತ್ತು.

"ಕಪ್ಪು ಕೈಯಾಗ ಹಂಗ ಹಿಡಕೊಂಡ ಕುಂತಿದ್ನಿರಿ" ಎಂದು ನೆನೆಯುತ್ತಾರೆ ಮನೀಷಾ. "ಎಲ್ಲಾರೂ ತಿಳದೋ ತಿಳೀದನೋ ಅನ್ನಾಕತ್ತಿದ್ರು. ನಂದು ತಿಳದೂ ಮುಚ್ಚಿಟ್ಟ ತಪ್ಪು. ಅದನ್ನ ಆ ಗದ್ದಲದಾಗ ಸೇರಿಸಿ ದಾಟಿಸಿಬಿಟ್ರ ಅದು ಮತ್ತೊಂದು ತಪ್ಪಾಗತೈತೆಲ್ರಿ?" ಕಪ್ಪನ್ನು ಕೆಳಗಿಟ್ಟು, ಎಲ್ಲರ ಎದುರಿಗೇ ಹೇಳಿದರು: "ಅಜ್ಜಿ, ನಂದು ಹೆಸರಿಟ್ಟು ಹೇಳೂ ತಪ್ಪ ಐತ್ರಿ. ಹುಡಿಗಿ ಗಾಲಿಗೆ ಎಪ್ಪತ್ತು ಹವಾ ಹೊಡದಿದ್ನಿ. ಮೂವತ್ತು ಸಾಕಿತ್ತು. ಆಕಿ ಬಿದ್ದದ್ದು ರಸ್ತೇದಿಂದ ಅಲ್ರಿ, ನನ್ನಿಂದ."

ರಾವಸಾಹೇಬರು ಎದ್ದವರೇ ತೋಟದ ಕಡೆ ನಡೆದುಬಿಟ್ಟರು. ಮೊದಲು ಮಾತಾಡಿದವಳು ಸ್ನೇಹಲ. "ಅಂದ್ರ ಮಾವಶಿ, ನಾ ತಪ್ಪು ಇಳದಿರಲಿಲ್ಲ?"

ಮೂರು ವಾರದಿಂದ ಆ ಹುಡುಗಿ ತನ್ನ ಕೈಗಳನ್ನೇ ಬೈದುಕೊಂಡು ಕೂತಿದ್ದಳು. ಬ್ರೇಕು ಹಿಡಿದದ್ದು ತಡವಾಯಿತೇ, ಹ್ಯಾಂಡಲ್ ಎಳೆದೆನೇ, ಹೆದರಿದೆನೇ ಎಂದು ರಾತ್ರಿ ಹಗಲು ಅದೇ ಇಳಿಜಾರನ್ನು ತಲೆಯಲ್ಲಿ ಇಳಿಯುತ್ತಿದ್ದಳು. ಇನ್ನು ಸೈಕಲ್ ಮುಟ್ಟುವುದಿಲ್ಲ ಎಂದು ಅಜ್ಜಿಯ ಹತ್ತಿರ ಹೇಳಿಯೂ ಇದ್ದಳಂತೆ. ತನ್ನ ತಪ್ಪಲ್ಲವೆಂದು ತಿಳಿದ ಆ ಸಂಜೆ ಜೋಳಿಗೆ ಕಟ್ಟಿದ ಕೈಯಲ್ಲೇ ಮನೀಷಾ ಅವರನ್ನು ಬಸ್‌ಸ್ಟ್ಯಾಂಡಿನ ತನಕ ಬಿಡಲು ಬಂದಳು. ದಾರಿಯುದ್ದಕ್ಕೂ ಇಬ್ಬರೂ ಗಾಳಿಯ ಬಗ್ಗೆಯೇ ಮಾತಾಡಿದರು.

ಜನವರಿಯಲ್ಲಿ ಸ್ನೇಹಲಳ ಎಲುಬು ಕೂಡಿತು. ರಿಪೇರಿಯಾಗಿ ಮನೆ ಸೇರಿದ್ದ ಸೈಕಲ್ಲನ್ನು ರಾವಸಾಹೇಬರು ತಾವೇ ಪಿಕ್‌ಅಪ್‌ನಲ್ಲಿ ಹೇರಿಕೊಂಡು ಮಗಳ ಜೊತೆ ಬೋರಗಾಂವಕ್ಕೆ ಬಂದರು. ಮುಖ ಇನ್ನೂ ಬಿಗಿದೇ ಇತ್ತು. "ಆಕಿ ನಿನ್ನ ಕಡೇನ ಬರತೀನಿ ಅಂತಾಳ. ಇಪ್ಪತ್ತು ಸಾವಿರ ಇಟ್ಟೀನಿ, ಕಾರ್ಬನ್ ಗಾಲಿ ಹಾಕು. ಹಗುರ ಆಗ್ಲಿ" ಎಂದರು.

"ಇಪ್ಪತ್ತು ಸಾವಿರಕ್ಕ ಸಿಗೂ ಕಾರ್ಬನ್ ಗಾಲಿ ಮ್ಯಾಲ ನಿಮ್ಮ ಮಗಳನ್ನ ನಾ ಕೂಡ್ರಸೂದಿಲ್ರಿ" ಎಂದರು ಮನೀಷಾ. ಬರೀ ಮಾತಿಗೆ ಬಿಡಲಿಲ್ಲ. ಡಾಕ್ಟರ ಒಳ್ಳೆಯ ಕಾರ್ಬನ್ ಗಾಲಿಯನ್ನೂ ಸ್ನೇಹಲಳ ಹಳೆ ಗಾಲಿಯನ್ನೂ ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿಸಿದರು. ಜೋಡಿಗೆ ಮುನ್ನೂರ ಎಂಬತ್ತು ಗ್ರಾಂ ವ್ಯತ್ಯಾಸ. "ಹೊಂಡೂ ಮುಂದ ಆಕಿ ಬಾಟ್ಲಿಯಿಂದ ಅರ್ಧ ಲೀಟರ್ ನೀರು ಚೆಲ್ಲಿದ್ರ ಇದಕ್ಕಿಂತ ಹಗುರಾಗತಾಳ" ಎಂದಾಗ ಸ್ನೇಹಲ ನಕ್ಕಳು, ರಾವಸಾಹೇಬರು ನಗಲಿಲ್ಲ.

ಆಮೇಲೆ ಏಳು ತಿಂಗಳು ಮನೀಷಾ ಮಾಡಿದ್ದೆಲ್ಲ ಕಣ್ಣಿಗೆ ಬೀಳದ ಕೆಲಸ. ಹಳೆ ಟೈರು ಕಿತ್ತು ನಲವತ್ತು ಮಿಲಿಮೀಟರಿನ ಅಗಲ ಟೈರು ಹಾಕಿದರು. ಅದಕ್ಕೂ ಮೊದಲು ಟೈರಿಗೂ ಚೌಕಟ್ಟಿಗೂ ನಡುವೆ ಕಿರುಬೆರಳು ಆಡುತ್ತದೆಯೇ ಎಂದು ನೋಡಿಕೊಂಡರು, ಆಡದಿದ್ದರೆ ಕೆಸರು ಸಿಕ್ಕಿ ಗಾಲಿ ನಿಂತುಬಿಡುತ್ತದೆ. ಟ್ಯೂಬು ತೆಗೆದು ಒಳಗೆ ಬಿಳಿ ದ್ರವ ಸುರಿದರು. ಅಂಗಡಿಯಲ್ಲಿ ಅದಕ್ಕೆ ಟೈರಿನ ಹಾಲು ಎಂದೇ ಹೆಸರು. ಜಾಲಿಮುಳ್ಳು ಚುಚ್ಚಿದರೆ ತೂತನ್ನು ಒಳಗಿನಿಂದಲೇ ಮುಚ್ಚುತ್ತದೆ, ತೆಲಸಂಗದ ದಾರಿಯಲ್ಲಿ ಜಾಲಿಗೇನೂ ಬರವಿಲ್ಲ. ಸವೆದ ಚೈನು, ಹಿಂದಿನ ಹಲ್ಲಿನ ಚಕ್ರ, ಬ್ರೇಕಿನ ಪ್ಯಾಡು, ತಂತಿ ಹೊಸದಾದವು. ಹ್ಯಾಂಡಲ್ಲಿನ ಪಟ್ಟಿಯ ಕೆಳಗೆ ಮೆತ್ತೆ ಬೇಕಿತ್ತು. ಪೇಟೆಯ ಜೆಲ್ ಪಟ್ಟಿಗೆ ಎರಡು ಸಾವಿರ. ಮನೀಷಾ ಹಳೆ ಶೆಡ್ಡಿಗೆ ಹೋಗಿ ಮಗ್ಗದಿಂದ ಬಿಚ್ಚಿ ಬಿಸಾಕಿದ ಫೆಲ್ಟಿನ ತುಂಡು ಎತ್ತಿಕೊಂಡು ಬಂದು ಎರಡು ಸುತ್ತು ಸುತ್ತಿದರು. ಎಲ್ಲ ಸೇರಿ ಹನ್ನೊಂದು ಸಾವಿರವೂ ದಾಟಲಿಲ್ಲ. ಉಳಿದದ್ದನ್ನು ವಾಪಸು ಕೊಟ್ಟಾಗ ರಾವಸಾಹೇಬರು ಸಂಶಯದಿಂದ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದರು. ಹೊಳೆಯುವ ವಸ್ತು ಒಂದೂ ಕಾಣಲಿಲ್ಲ.

ಇನ್ನು ಗಾಳಿ. ಆರು ಭಾನುವಾರ ಮನೀಷಾ ಮತ್ತು ಸ್ನೇಹಲ ಕಾಲುವೆಯ ದಂಡೆಯ ಎರಡು ಕಿಲೋಮೀಟರು ಖಡಿ ದಾರಿಯನ್ನು ಹಿಡಿದು ಕೂತರು. ನಲವತ್ತರಿಂದ ಶುರು. ಪ್ರತಿ ಓಟಕ್ಕೂ ಎರಡೆರಡು ಇಳಿಸುವುದು, ಫೋನಿನಲ್ಲಿ ಹೊತ್ತು ನೋಡುವುದು, ಮೋಟರ್ ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ಬರೆಯುವುದು. ಗಾಳಿ ಇಳಿದಂತೆ ಹೊತ್ತೂ ಇಳಿಯತೊಡಗಿತು. ಇಪ್ಪತ್ತಾರಕ್ಕೆ ಬಂದಾಗ ಕಲ್ಲು ರಿಮ್ಮಿಗೆ ತಾಗಿದ ಸದ್ದು ಮನೀಷಾ ಅವರಿಗೆ ದಂಡೆಯ ಮೇಲೆ ನಿಂತಲ್ಲೇ ಕೇಳಿತು. ಎರಡು ಮೇಲೇರಿಸಿದರು. ಮುಂದೆ ಇಪ್ಪತ್ತೆಂಟು, ಹಿಂದೆ ಮೂವತ್ತೊಂದು. "ಹವಾ ಫುಕಟ್ರಿ" ಎನ್ನುತ್ತಾರೆ ಅವರು. "ಆದ್ರ ಎಷ್ಟು ಹವಾ ಅನ್ನೂದು ಫುಕಟ್ ಅಲ್ಲ. ಅದನ್ನ ಕಲಿಯಾಕ ಒಂದು ಎಲುವು ಮುರದೈತಿ, ಅದೂ ನಂದಲ್ಲ."

ಭಾನುವಾರ, ಅಥಣಿ. ಬೆಳಗಿನ ಆರೂಕಾಲು. ಎದುರುಗಾಳಿಗೆ ಬ್ಯಾನರು ಪಟಪಟ ಎನ್ನುತ್ತಿದೆ. ನಲವತ್ತೊಂದು ಹುಡುಗಿಯರು ಸಾಲಿನಲ್ಲಿ ನಿಂತಿದ್ದಾರೆ. ಮನೀಷಾ ಕೊನೆಯ ಸಲ ಗೇಜಿನ ಗಾಜು ಒರೆಸಿ, ಹಚ್ಚಿ ನೋಡಿ ಎದ್ದಿದ್ದಾರೆ. ಅಷ್ಟರಲ್ಲಿ ರಾವಸಾಹೇಬರು ಬಂದು ಬಗ್ಗಿ, ಮುಂದಿನ ಟೈರಿಗೆ ಹೆಬ್ಬೆರಳು ಒತ್ತುತ್ತಾರೆ. ಬೆರಳು ಮೆತ್ತಗೆ ಒಳಗೆ ಹೋಗುತ್ತದೆ. ಅವರ ಮುಖ ಬಿಳುಪೇರುತ್ತದೆ.

"ಏ, ಹವಾ ಇಲ್ಲಲೇ ಇದರಾಗ!" ಎಂದು ಪಕ್ಕದ ಸ್ವಯಂಸೇವಕನ ಕೈಯಿಂದ ಪಂಪು ಕಸಿದುಕೊಂಡು ಬರುತ್ತಾರೆ. ಮನೀಷಾ ನೆಲಕ್ಕೆ ಕೂತು ಗಾಲಿಗೆ ಹವಾ ತುಂಬುವ ಬಾಯಿಯನ್ನು ಅಂಗೈಯಿಂದ ಮುಚ್ಚಿಬಿಡುತ್ತಾರೆ.

"ಕೈ ತಗಿ."

"ತಗಿಯೂದಿಲ್ರಿ. ಈಗ ನಿಮ್ಮ ಹೆಬ್ಬಟ್ಟು ಹೇಳೂ ಮಾತನ್ನ ಹೋದ ವರ್ಷ ನನ್ನ ಹೆಬ್ಬಟ್ಟು ಹೇಳಿತ್ತು. ಆಕಿ ಬಿದ್ಲು."

"ಈ ಸಲಾನೂ ಬಿದ್ರ?"

ಬೀಳುವುದಿಲ್ಲ ಎಂದು ಬರೆದುಕೊಡಲು ಯಾರಿಗೂ ಬರುವುದಿಲ್ಲ. ಆದರೆ ಮನೀಷಾ ಕೈ ತೆಗೆಯುವುದಿಲ್ಲ. ಸುತ್ತ ಜನ ಸೇರುತ್ತಾರೆ, ಯಾರೋ ಒಬ್ಬರು ಟೈರು ಒತ್ತಿ ನೋಡಿ ಲೊಚಗುಟ್ಟುತ್ತಾರೆ. ಕೊನೆಗೆ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದ ಸ್ನೇಹಲ ಬಗ್ಗಿ ನೋಡಿ, "ಅಪ್ಪಾಜಿ, ಪಂಪ್ ಕೆಳಗ ಇಡ್ರಿ. ಗೋಡಿ ಮ್ಯಾಲ ಬರದದ್ದು ನಾ ಓಡಿಸಿದ್ದು" ಎನ್ನುತ್ತಾಳೆ. ರಾವಸಾಹೇಬರು ಪಂಪನ್ನು ಇಡುತ್ತಾರೆ. ಸೀಟಿ ಕೇಳುತ್ತದೆ.

ಮನೀಷಾ ರೇಸು ಮುಗಿಯುವ ಗೆರೆಯ ಹತ್ತಿರ ಹೋಗುವುದಿಲ್ಲ. ಮಲ್ಲೇಶರ ಮೋಟರ್‌ಸೈಕಲ್ ಹಿಂದೆ ಕೂತು, ಹೋದ ವರ್ಷ ಹುಡುಗಿ ಬಿದ್ದ ಹಳ್ಳದ ಇಳಿಜಾರಿಗೆ ಬಂದು ನಿಲ್ಲುತ್ತಾರೆ. ಅಲ್ಲಿ ಬಾವುಟ ಹಿಡಿದು ನಿಂತವರು ತೆಲಸಂಗದ ಹಾಲಸಿದ್ದ, ಪಕ್ಕದ ಗೋವಿನಜೋಳದ ಹೊಲದವರು. ಬಿಸಿಲು ಏರುತ್ತದೆ. ಹಾಲಸಿದ್ದ ಕೊಟ್ಟ ನೀರನ್ನು ಮನೀಷಾ ಕೈಯಲ್ಲಿ ಹಿಡಿದುಕೊಂಡೇ ಇರುತ್ತಾರೆ.

ಮೊದಲು ಇಬ್ಬರು ಹುಡುಗಿಯರು ಒಟ್ಟಿಗೆ ಬಂದು ಧೂಳೆಬ್ಬಿಸಿ ದಾಟುತ್ತಾರೆ. ಆಮೇಲೆ ಒಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಮನೀಷಾ ಬೆರಳು ಮಡಚುತ್ತಾರೆ. ದಿಬ್ಬದ ಮೇಲೆ ಐದನೆಯವಳು ಕಾಣುತ್ತಾಳೆ, ಕೆಂಪು ಅಂಗಿ, ಸ್ನೇಹಲ ಅಲ್ಲ. ಅವಳಿಗೆ ಮೂವತ್ತು ಅಡಿ ಹಿಂದೆ ಹಸಿರು ಸೈಕಲ್ಲು. ಆರನೆಯವಳು. ಶಿಬಿರದ ಬಾಗಿಲು ಐವರಿಗೆ ಮಾತ್ರ.

ಖಡಿ ಶುರುವಾಗುವಲ್ಲಿ ಕೆಂಪು ಅಂಗಿಯವಳು ಬ್ರೇಕು ಹಿಡಿದು ಅಂಚಿಗೆ ಸರಿಯುತ್ತಾಳೆ. ಅವಳ ಟೈರು ಕಲ್ಲಿನಿಂದ ಕಲ್ಲಿಗೆ ಟಕಟಕ ಎಂದು ಪುಟಿಯುವ ಸದ್ದು ಮನೀಷಾ ನಿಂತಲ್ಲಿಗೇ ಕೇಳುತ್ತದೆ. ಸ್ನೇಹಲ ಬ್ರೇಕು ಹಿಡಿಯುವುದಿಲ್ಲ. ಮೊಣಕೈ ಸಡಿಲ, ನಡುದಾರಿಯಲ್ಲೇ ಬಿಟ್ಟುಕೊಂಡು ಇಳಿಯುತ್ತಾಳೆ. ಅವಳ ಗಾಲಿಗೆ ಸಿಕ್ಕ ಖಡಿ ಮೊರಮೊರ ಎನ್ನುತ್ತದೆ, ಅಷ್ಟೇ. ಹೋದ ವರ್ಷದ ಜಾಗ ಬಂತು. ಮನೀಷಾ ಕಣ್ಣು ಮುಚ್ಚಬೇಕೆಂದುಕೊಂಡು ಮುಚ್ಚುವುದಿಲ್ಲ. ಗಾಲಿ ನೆಲ ಬಿಡುವುದಿಲ್ಲ. ಹಳ್ಳದ ತಳದಲ್ಲಿ ಸ್ನೇಹಲ ಕೆಂಪು ಅಂಗಿಯನ್ನು ದಾಟಿ, ನೀರು ಚಿಮ್ಮಿಸಿ, ಆಚೆಯ ಏರಿನಲ್ಲಿ ಎದ್ದು ನಿಂತು ತುಳಿಯುತ್ತಾ ಜೋಳದ ಮರೆಗೆ ಹೋಗುತ್ತಾಳೆ. ಇವರ ಕಡೆ ತಿರುಗಿಯೂ ನೋಡುವುದಿಲ್ಲ.

ಇನ್ನು ಆರು ಕಿಲೋಮೀಟರು, ಎದುರುಗಾಳಿ. ಕೆಂಪು ಅಂಗಿಯವಳೂ ಹಿಂದೆಯೇ ಇದ್ದಾಳೆ. ಮಲ್ಲೇಶ, ತೆಲಸಂಗಕ್ಕೆ ಹೋಗೋಣ ನಡಿ ಎನ್ನುತ್ತಾರೆ. ಮನೀಷಾ ದಾರಿಯಂಚಿನ ಕಲ್ಲಿನ ಮೇಲೆ ಕೂರುತ್ತಾರೆ. ಇನ್ನೂ ಹತ್ತಾರು ಹುಡುಗಿಯರು ಇಳಿದು ಹೋಗುತ್ತಾರೆ, ಮನೀಷಾ ಯಾರನ್ನೂ ನೋಡುವುದಿಲ್ಲ. ಹದಿನಾರು ನಿಮಿಷಕ್ಕೆ ಫೋನು ಬಡಿದುಕೊಳ್ಳುತ್ತದೆ. ರಾವಸಾಹೇಬರು.

ಆ ಕಡೆ ಗದ್ದಲ, ಹಲಗೆಯ ಸದ್ದು. ರಾವಸಾಹೇಬರು ಏನೋ ಹೇಳಲು ಹೋಗಿ ನಿಲ್ಲಿಸುತ್ತಾರೆ, ಮತ್ತೆ ಶುರುಮಾಡುತ್ತಾರೆ. "ನಾಕನೇ ನಂಬರ್ ಬಾಯಿ. ನಾಕನೇ ನಂಬರ್." ಮೂರನೇ ಸಲವೂ ಅದನ್ನೇ ಹೇಳಿ ಫೋನಿಡುತ್ತಾರೆ.

ಮನೀಷಾ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಕೈಯ ಗ್ರೀಸು ಕೆನ್ನೆಗೆಲ್ಲ ಬಳಿದುಕೊಳ್ಳುತ್ತದೆ, ಅದರ ಪರಿವೆ ಅವರಿಗಿಲ್ಲ. ಅಳುತ್ತಿದ್ದಾರೆ, ಅದನ್ನು ಮುಚ್ಚಿಡುವ ಗೋಜಿಗೂ ಹೋಗುವುದಿಲ್ಲ. ಬಾವುಟ ಕೆಳಗಿಟ್ಟು ನೋಡುತ್ತಿದ್ದ ಹಾಲಸಿದ್ದ ಕೊಂಚ ಸಂಕೋಚದಿಂದ ಹತ್ತಿರ ಬಂದು, "ಹಸರ ಸೈಕಲ್ಲಿನಾಕಿ ನಿಮ್ಮ ಮಗಳೇನ್ರಿ ಅವ್ವಾರ?" ಎಂದು ಕೇಳುತ್ತಾರೆ.

"ಅಲ್ರಿ" ಎನ್ನುತ್ತಾರೆ ಮನೀಷಾ. "ಆಕೀದೊಂದು ವರ್ಷ ನನ್ನ ಹತ್ರ ಉಳದಿತ್ತು. ಇವತ್ತ ಮುಟ್ಟಿಸೀನಿ."